ಯಾವುದರಲ್ಲಿ ಮೂರನೇ ಒಂದು?

ನಮ್ಮ ಲೆಕ್ಕದ ಮಾಷ್ಟ್ರು ಹೆದರದ ವಸ್ತು ಯಾವುದಾದರೂ ಇತ್ತೇ ಎಂದು ಈಗ ಕುಳಿತು ಯೋಚಿಸಿದರೂ ನನಗೆ ಒಂದೂ ಹೊಳೆಯುವುದಿಲ್ಲ. ಗುಡುಗಿಗೆ ಹೆದರುತ್ತಿದ್ದರು. ದಾರಿಗೆ ಅಡ್ಡ ನಿಂತ ದನಕ್ಕೆ ಹೆದರುತ್ತಿದ್ದರು. ಅದು ಬಾಲ ಎತ್ತಲೂ ತ್ರಾಣವಿಲ್ಲದ ಮುದಿ ದನವಾದರೂ ಸರಿ, ಕೊಡೆಯನ್ನು ಎರಡು ಕೈಯಿಂದ ಎದೆಗೆ ಒತ್ತಿಕೊಂಡು, ಅದು ತಾನಾಗಿ ಸರಿಯುವವರೆಗೆ ಗದ್ದೆಯ ಬದುವಾದ ಕಟ್ಟಪುಣಿಯ ಮೇಲೆ ನಿಂತೇ ಇರುತ್ತಿದ್ದರು. ಶಾಲೆ ನೋಡಲು ಬರುವ ಇನ್‌ಸ್ಪೆಕ್ಟರಿಗೆ ಹೆದರುತ್ತಿದ್ದರು. ಅವರ ಮನೆ ಪಾಣೆಮಂಗಳೂರಿನ ಕಡೆ. ಬಂಟ್ವಾಳ ಕಳೆದು ನೇತ್ರಾವತಿಯ ಸೇತುವೆ ದಾಟಿ ಬಸ್ಸಿನಲ್ಲಿ ಹೋಗಬೇಕು. ಆ ಸೇತುವೆಯ ಹೆದರಿಕೆಗೆ ಸಣ್ಣಪುಟ್ಟ ರಜೆಗಳಲ್ಲಿ ಊರಿಗೇ ಹೋಗದೆ, ಶಾಲೆಯ ಪಕ್ಕದ ಕೋಣೆಯಲ್ಲಿ ಗಂಜಿ ಬೇಯಿಸಿಕೊಂಡು ಉಳಿದುಬಿಡುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಅಚ್ಚಿನಲ್ಲಿ ತಮ್ಮ ಹೆಸರು ಕಂಡರೆ ಅದಕ್ಕೂ ಹೆದರುತ್ತಿದ್ದ ಜನ. ತೀರಿಕೊಂಡು ಎಷ್ಟೋ ಕಾಲವಾಯಿತು, ಆದರೂ ಬೇಡ.

ನಾನು ಭತ್ತ ಕೊಂಡು, ಬೇಯಿಸಿ, ಕುಚ್ಚಲಕ್ಕಿ ಮಾಡಿ ಮಾರಿ ಬದುಕಿದ ಹೆಂಗಸು. ಬೆಳುವಾಯಿಯಲ್ಲಿ ನನ್ನದೊಂದು ಅಕ್ಕಿಯ ಗಿರಣಿ ಇದೆ. ಮೂಡುಬಿದಿರೆಯ ಪೇಟೆಯಲ್ಲಿ ನನ್ನೊಡನೆ ಚೌಕಾಸಿಗೆ ನಿಂತು ಗೆದ್ದವರು ಕಡಿಮೆ ಎಂದು ಜನ ಹೇಳುವುದನ್ನು ಕೇಳಿದ್ದೇನೆ. ಸುಳ್ಳು ಎಂದು ನಾನು ಹೇಳಲಾರೆ. ಹೊಸದಾಗಿ ವ್ಯಾಪಾರಕ್ಕೆ ಇಳಿದ ಹುಡುಗಿಯರು ಬಂದು, "ಅಕ್ಕ, ನಿಮ್ಮ ಗುಟ್ಟು ಎಂತದು?" ಎಂದು ಕೇಳುತ್ತಾರೆ. ಗುಟ್ಟು ಎಂದರೆ ಒಂದು ಪ್ರಶ್ನೆ, ಅಷ್ಟೆ. ಅದೂ ನನ್ನದಲ್ಲ. ಆ ಹೆದರುಪುಕ್ಕಲ ಮಾಷ್ಟ್ರದು. ಅದನ್ನು ನಾನು ಕಲಿತದ್ದು ಹೇಗೆ ಎಂದು ಹೇಳುತ್ತೇನೆ.

ಶಾಲೆ ಇದ್ದದ್ದು ಮಡಂತ್ಯಾರಿನಿಂದ ಒಳಗೆ, ಬೆಳ್ತಂಗಡಿ ರಸ್ತೆ ಬಿಟ್ಟು ಗದ್ದೆ ದಾಟಿ ಹೋಗುವಲ್ಲಿ. ಆಗ ಹೆಚ್ಚಿನ ಶಾಲೆಗಳು ಹಾಗೆಯೇ. ಊರಿನ ಒಬ್ಬ ದೊಡ್ಡ ಮನುಷ್ಯ ಕಟ್ಟಡ ಕಟ್ಟಿಸಿ ತಾನೇ ಮ್ಯಾನೇಜರ್ ಆಗುವುದು, ಮಾಷ್ಟ್ರನ್ನು ಇಡುವುದೂ ತೆಗೆಯುವುದೂ ಅವನ ಬಾಯಿಮಾತಿನಲ್ಲಿ. ನಮ್ಮ ಶಾಲೆಯ ಮ್ಯಾನೇಜರ್ ನನ್ನ ಮಾವ, ಅಮ್ಮನ ಅಣ್ಣ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು, ಕರೆಯುತ್ತಿದ್ದದ್ದೂ ತುಳುವಿನಲ್ಲೇ. ಇಲ್ಲಿ ಮಾವ ಎಂದೇ ಬರೆಯುತ್ತೇನೆ. ಮಾವನ ದೇಹವೂ ದೊಡ್ಡದು, ಸ್ವರವೂ ದೊಡ್ಡದು. ಆದರೆ ನಮಗೆ ಹೆದರಿಕೆಯಾಗುತ್ತಿದ್ದದ್ದು ಅವರು ಕೂಗಿದಾಗ ಅಲ್ಲ. ಸ್ವರ ತಗ್ಗಿಸಿದಾಗ. ಅವರು ಮೆಲ್ಲಗೆ ಮಾತಾಡಿದರೆ ನಾಯಿಯೂ ಅಂಗಳದಿಂದ ಎದ್ದು ಹೋಗುತ್ತಿತ್ತು.

ಮಾಷ್ಟ್ರು ನಮ್ಮನ್ನು ಒಮ್ಮೆಯೂ ಹೊಡೆದವರಲ್ಲ. ಆದರೂ ಅವರ ಕ್ಲಾಸಿನಲ್ಲಿ ನಮಗೆ ಭಯವೇ. ಅದು ಬೇರೆ ಜಾತಿಯ ಭಯ. ದೊಡ್ಡವರು ನಡುಗುವುದನ್ನು ಕಂಡರೆ, ಇವರಿಗೇ ಹೀಗಾದರೆ ಬರುತ್ತಿರುವುದು ಎಂಥದ್ದೋ ಎಂದು ಮಕ್ಕಳಿಗೆ ಅನಿಸುತ್ತದೆ. ಹೊರಗೆ ತೆಂಗಿನ ಒಣಗಿದ ಮಡಲು ಬಿದ್ದರೆ ಮಾಷ್ಟ್ರು ಬೆಚ್ಚಿ ಬೀಳುತ್ತಿದ್ದರು. ಅವರು ಬೆಚ್ಚಿದ್ದು ಕಂಡು ನಾವು ಬೆಚ್ಚುತ್ತಿದ್ದೆವು. ಸೀಮೆಸುಣ್ಣ ಹಿಡಿದ ಬೆರಳು ಬೋರ್ಡಿನ ಮೇಲೆ ಸಣ್ಣಗೆ ಟಕಟಕ ಬಡಿಯುವುದು ಹಿಂದಿನ ಬೆಂಚಿಗೂ ಕೇಳಿಸುತ್ತಿತ್ತು.

ಅವರ ವಿಷಯವೆಂದರೆ ಭಿನ್ನರಾಶಿಯ ಸಮಸ್ಯೆಗಳು. ಉದ್ದುದ್ದ ಲೆಕ್ಕ, ಪುಸ್ತಕದ ಕನ್ನಡ. "ಒಬ್ಬ ವರ್ತಕನು ತನ್ನಲ್ಲಿದ್ದ ಅಕ್ಕಿಯ ಐದನೇ ಎರಡು ಭಾಗವನ್ನು ಮಾರಿ, ಉಳಿದುದರ ನಾಲ್ಕನೇ ಒಂದು ಭಾಗವನ್ನು ದಾನ ಮಾಡಿ, ಮಿಕ್ಕುದನ್ನು ಮೂವರು ಮಕ್ಕಳಿಗೆ ಸಮನಾಗಿ ಹಂಚಲು, ಒಬ್ಬೊಬ್ಬನಿಗೆ ಆರು ಮುಡಿ ದೊರೆಯಿತು. ಮೊದಲು ಇದ್ದುದೆಷ್ಟು?" ತುಳು ಆಡುವ ಮಕ್ಕಳಿಗೆ ಇದು ಹೇಗೆ ಕೇಳಬೇಕು! ಓದಿ ಮುಗಿಯುವಾಗ ಅರ್ಧ ಕ್ಲಾಸು ಕಿಟಕಿಯಾಚೆ ನೋಡುತ್ತಿತ್ತು.

ಒಮ್ಮೆ ಈ ಲೆಕ್ಕಕ್ಕೆ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಮಾಷ್ಟ್ರೇ, ಅವ ಮಕ್ಕಳಿಗೆ ಯಾಕೆ ಕೊಟ್ಟದ್ದು? ಅಳಿಯಂದಿರಿಗೆ ಅಲ್ವಾ ಕೊಡ್ಬೇಕಾದದ್ದು?"

ಅವನ ಪ್ರಶ್ನೆಯಲ್ಲಿ ತಮಾಷೆ ಇರಲಿಲ್ಲ. ನಮ್ಮಂಥ ಮನೆಗಳಲ್ಲಿ ಆಸ್ತಿ ಇಳಿಯುವುದು ಹೆಂಗಸಿನ ಕಡೆಯಿಂದ. ಅಪ್ಪನದ್ದು ಮಗನಿಗಲ್ಲ, ಮಾವನ ಕೈಯಲ್ಲಿದ್ದದ್ದು ಅವನ ತಂಗಿಯ ಮಕ್ಕಳಾದ ಅಳಿಯಂದಿರಿಗೆ. ಆ ಹುಡುಗನ ಸ್ಲೇಟಿನಲ್ಲಿ 'ಮಕ್ಕಳಿಗೆ ಸೊನ್ನೆ' ಎಂದು ಉತ್ತರ ಬರೆದೂ ಆಗಿತ್ತು.

ಮಾಷ್ಟ್ರು ಒಮ್ಮೆ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, "ಅವ ಘಟ್ಟದ ಮೇಲಿನವ ಇರ್ಬೇಕು ಮಾರಾಯ. ನೀನು ಕೂತ್ಕೋ" ಎಂದರು.

"ಆದರೆ ದಾನ ಯಾಕೆ ಮಾಡಿದ್ದು?" ಎಂದು ನಾನು ಕೇಳಿದೆ. "ಮಕ್ಕಳಿಗೆ ಕಮ್ಮಿ ಆಗುವುದಿಲ್ವಾ?"

"ನಿನ್ನ ಹತ್ತಿರ ವ್ಯಾಪಾರ ಮಾಡುವವನ ಗತಿ!" ಎಂದು ಮಾಷ್ಟ್ರು ನಕ್ಕರು. ಅವರು ನಕ್ಕದ್ದು ಅಪರೂಪ, ಹಾಗಾಗಿ ನೆನಪಿದೆ.

ಅವರ ಕ್ರಮ ಹೀಗೆ. ಲೆಕ್ಕವನ್ನು ಮೊದಲು ತುಳುವಿನಲ್ಲಿ ಕತೆಯ ಹಾಗೆ ಹೇಳಿಸುವುದು. ಆಮೇಲೆ ಕೊನೆಯಿಂದ ಹಿಂದೆ ನಡೆಸುವುದು: "ಗುಡ್ಡೆಯಲ್ಲಿ ದಾರಿ ತಪ್ಪಿದರೆ ಎಂತ ಮಾಡ್ತೀರಿ? ಬಂದ ದಾರಿಯಲ್ಲೇ ಹಿಂದೆ ಹೋಗುವ. ಮೂವರಿಗೆ ಆರಾರು, ಹದಿನೆಂಟು. ಅದು ನಾಲ್ಕರಲ್ಲಿ ಮೂರು ಪಾಲು. ಹಾಗಾದರೆ ದಾನ ಕೊಡುವ ಮೊದಲು ಇಪ್ಪತ್ತನಾಲ್ಕು. ಅದು ಐದರಲ್ಲಿ ಮೂರು ಪಾಲು. ಹಾಗಾದರೆ ಮಾರುವ ಮೊದಲು ನಲವತ್ತು." ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದು. ಲೆಕ್ಕದಲ್ಲಿ ಅರ್ಧ, ಕಾಲು, ಮೂರನೇ ಒಂದು, ಯಾವ ಭಿನ್ನರಾಶಿ ಬಂದರೂ ಅವರು ಸೀಮೆಸುಣ್ಣ ಎತ್ತಿ ಹಿಡಿದು ಕೇಳುತ್ತಿದ್ದರು: "ಯಾವುದರಲ್ಲಿ?" ನಾವು ಒಕ್ಕೊರಲಿನಿಂದ "ಒಟ್ಟಿನಲ್ಲಿ" ಅಥವಾ "ಉಳಿದದ್ದರಲ್ಲಿ" ಎಂದು ಕೂಗಬೇಕು. ಕೂಗದೆ ಅವರು ಮುಂದಿನ ಅಂಕೆ ಬರೆಯುವವರಲ್ಲ. ದಿನಕ್ಕೆ ಎಷ್ಟೋ ಸಲ ಕೇಳಿ ಕೇಳಿ ಅದು ಅವರ ನಾಲಗೆಗೆ ಅಂಟಿಹೋಗಿತ್ತು. ಗೂಡಂಗಡಿಯಲ್ಲಿ ಯಾರೋ "ಅರ್ಧ ಚಾ ಕೊಡಿ" ಎಂದಾಗ ಪಕ್ಕದಲ್ಲಿ ನಿಂತ ಮಾಷ್ಟ್ರು "ಯಾವುದರಲ್ಲಿ?" ಎಂದರೆಂದು ಊರಲ್ಲಿ ಹೇಳಿಕೊಂಡು ನಗುತ್ತಿದ್ದರು.

ಇನ್‌ಸ್ಪೆಕ್ಟರ್ ಬಂದ ದಿನ ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಸೀಮೆಸುಣ್ಣ ಎರಡು ತುಂಡಾಯಿತು. ಕೈಯನ್ನು ಕೋಟಿನ ಜೇಬಿಗೆ ತುರುಕಿ, ಒಬ್ಬೊಬ್ಬರನ್ನೇ ಬೋರ್ಡಿಗೆ ಕರೆದು ಲೆಕ್ಕ ಮಾಡಿಸಿದರು. "ಮಕ್ಕಳ ಕೈಯಿಂದಲೇ ಮಾಡಿಸುತ್ತೀರಿ, ಒಳ್ಳೆಯ ಪದ್ಧತಿ" ಎಂದು ಇನ್‌ಸ್ಪೆಕ್ಟರ್ ಮೆಚ್ಚಿ ಹೋದರು. ನಾನೂ ಅದನ್ನು ಪದ್ಧತಿ ಎಂದೇ ತಿಳಿದಿದ್ದೆ.

ಶನಿವಾರ ಬೆಳಗ್ಗೆ 'ಮನೆ ಲೆಕ್ಕ'. ಪ್ರತಿಯೊಬ್ಬರೂ ತಮ್ಮ ಮನೆಯಿಂದ ಒಂದು ಲೆಕ್ಕ ತರಬೇಕು. ಮುಡಿಗೆ ಮೂರು ಕಳಸೆ, ಕಳಸೆಗೆ ಹದಿನಾಲ್ಕು ಸೇರು. ಅಕ್ಕಿ ಅಳೆಯುವುದನ್ನು ನೋಡಿದ ಮಕ್ಕಳಿಗೆ ಲೆಕ್ಕಕ್ಕೇನು ಬರಗಾಲ? ನನಗೂ ಆ ಶನಿವಾರ ಒಂದು ಸಿಕ್ಕಿತ್ತು.

ಆ ವರ್ಷಗಳಲ್ಲಿ ದೊಡ್ಡ ಮನೆಗಳು ಪಾಲಾಗತೊಡಗಿದ್ದವು. ನಮ್ಮದರಲ್ಲಿ ಒಡಹುಟ್ಟಿದವರು ಮೂವರು: ಯಜಮಾನರಾದ ಮಾವ, ಹಿರಿಯ ತಂಗಿ ದೊಡ್ಡಮ್ಮ, ಕಿರಿಯವಳು ನನ್ನ ಅಮ್ಮ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನೂ ತಂಗಿಯನ್ನೂ ಕರೆದುಕೊಂಡು ಈ ಮನೆಗೇ ಬಂದಿದ್ದಳು. ಮೂರು ಸಮಪಾಲು ಎಂದು ಊರ ಹಿರಿಯರು ಹೇಳಿಯಾಗಿತ್ತು. ಗದ್ದೆಗಳಿಂದ ವರ್ಷಕ್ಕೆ ಐವತ್ತನಾಲ್ಕು ಮುಡಿ ಅಕ್ಕಿ ಬರುತ್ತಿತ್ತು. ಪಾಲು ಹೇಗೆ ಎಂದು ಮಾವ ದೊಡ್ಡಮ್ಮನ ಹತ್ತಿರ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಒಳ್ಳೆಯ ಲೆಕ್ಕ ಸಿಕ್ಕಿತೆಂದು ಖುಷಿಯಾಯಿತು. ನಂಬಿ, ಆಗ ನನ್ನ ತಲೆಯಲ್ಲಿದ್ದದ್ದು ಅಷ್ಟೇ.

"ಒಬ್ಬ ಯಜಮಾನನ ಹತ್ತಿರ ಐವತ್ತನಾಲ್ಕು ಮುಡಿ ಗದ್ದೆ ಉಂಟು ಮಾಷ್ಟ್ರೇ. ಮೊದಲನೆಯ ತಂಗಿಗೆ ಮೂರನೇ ಒಂದು."

"ಯಾವುದರಲ್ಲಿ?"

"ಒಟ್ಟಿನಲ್ಲಿ."

ಮಾಷ್ಟ್ರು ಹದಿನೆಂಟು ಎಂದು ಬರೆದರು. ಉಳಿದದ್ದು ಮೂವತ್ತಾರು ಎಂದೂ ಬರೆದರು.

"ಎರಡನೆಯ ತಂಗಿಗೆ ಮೂರನೇ ಒಂದು."

"ಯಾವುದರಲ್ಲಿ?"

"ಉಳಿದದ್ದರಲ್ಲಿ. ಮತ್ತೆ ಮಿಕ್ಕದ್ದು ಯಜಮಾನನಿಗೆ."

ಸೀಮೆಸುಣ್ಣ ಬೋರ್ಡಿಗೆ ಅಂಟಿ ನಿಂತಿತು. ಐವತ್ತನಾಲ್ಕು ಮುಡಿ ಯಾರ ಮನೆಯದು ಎಂದು ಊರಿಗೆಲ್ಲ ಗೊತ್ತು. ಮಾಷ್ಟ್ರು ಕರವಸ್ತ್ರದಿಂದ ಬೋರ್ಡನ್ನು ಒರೆಸಿದರು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು.

"ಈ ಲೆಕ್ಕ... ಇದು ಪರೀಕ್ಷೆಗೆ ಬರುವುದಿಲ್ಲ. ಬೇರೆ ಯಾರು?"

ಆದರೆ ನನ್ನ ಸ್ಲೇಟಿನಲ್ಲಿ ಲೆಕ್ಕ ಮುಂದೆ ಹೋಗಿಯಾಗಿತ್ತು. ಹದಿನೆಂಟು, ಹನ್ನೆರಡು, ಇಪ್ಪತ್ತನಾಲ್ಕು. ಎಲ್ಲರಿಗೂ ಮೂರನೇ ಒಂದು ಎಂದು ಹೇಳಿಕೊಂಡು ಮಾವನಿಗೆ ಅಮ್ಮನ ಎರಡರಷ್ಟು. ಮೊದಲ ಸಲ ನೋಡಿದಾಗ ನಾನೇ ತಪ್ಪಿದೆ ಎಂದುಕೊಂಡೆ. ಮತ್ತೆ ಮಾಡಿದೆ. ಅದೇ ಬಂತು. ನಾವು ಮೂವರು ಉಣ್ಣುವವರು. ತಿಂಗಳಿಗೊಂದು ಮುಡಿ ಬೇಕು. ಹನ್ನೆರಡು ಮುಡಿ ಊಟಕ್ಕೇ ಸರಿ. ಉಪ್ಪಿಗೆ, ಎಣ್ಣೆಗೆ, ಬಟ್ಟೆಗೆ ಮಾವನ ಮುಂದೆ ಕೈ ಚಾಚಿ ನಿಲ್ಲಬೇಕು. ಬೇರೆ ಒಲೆ ಹೂಡಲು ಆಗುವುದಿಲ್ಲ. ಹದಿನೆಂಟಾದರೆ ಆಗುತ್ತದೆ. ಅಮ್ಮ ಆ ಮನೆಯಿಂದ ಹೊರಗೆ ಬರುವುದು ಅಥವಾ ಸಾಯುವ ತನಕ ಅಲ್ಲೇ ಕೆಲಸದವಳ ಹಾಗೆ ಉಳಿಯುವುದು, ಎರಡೂ ಆ ಆರು ಮುಡಿಯಲ್ಲಿ ಇತ್ತು.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಒಲೆಯ ಬೆಂಕಿ ನೋಡುತ್ತ, "ಬಾಯಿ ಮುಚ್ಚು. ಗೋಡೆಗೂ ಕಿವಿ ಉಂಟು ಈ ಮನೆಯಲ್ಲಿ" ಎಂದಳು. ಆದರೆ ಅನ್ನ ಬಡಿಸುವಾಗ ಸೌಟು ತಟ್ಟೆಗೆ ತಾಗಿ ತಾಗಿ ಸದ್ದಾಯಿತು.

ಸೋಮವಾರ ಶಾಲೆ ಬಿಟ್ಟ ಮೇಲೆ ಮಾಷ್ಟ್ರು ನನ್ನನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿದರು.

"ಆ ಲೆಕ್ಕ ಮನೆಯಲ್ಲಿ ಹೇಳಿದ್ಯಾ?"

"ಅಮ್ಮನಿಗೆ ಹೇಳಿದೆ."

"ಅಯ್ಯೋ. ಅಮ್ಮ ಎಂತ ಹೇಳಿದ್ರು?"

"ಬಾಯಿ ಮುಚ್ಚು ಅಂತ."

"ಒಳ್ಳೆಯ ಹೆಂಗಸು," ಎಂದರು ಮಾಷ್ಟ್ರು. "ಒಳ್ಳೆಯ ಹೆಂಗಸು. ಹಾಗೇ ಮಾಡು." ಅವರ ಮುಖದಲ್ಲಿ ಬೆವರು ಸಾಲಾಗಿ ಇಳಿಯುತ್ತಿತ್ತು. ಆ ದಿನ ನನಗೆ ಅವರ ಮೇಲೆ ತಾತ್ಸಾರ ಬಂದದ್ದು ನಿಜ. ಜೊತೆಗೆ ಭಯ ಇಮ್ಮಡಿಯಾಯಿತು. ಲೆಕ್ಕ ಗೊತ್ತಿದ್ದ ಒಬ್ಬ ದೊಡ್ಡವರು ಊರಲ್ಲಿ ಇದ್ದರು. ಅವರೂ ಬಾಯಿ ಮುಚ್ಚಿದರೆ ಇನ್ನು ಯಾರು?

ಪಾಲಿನ ದಿನ ಚಾವಡಿಯಲ್ಲಿ ಚಾಪೆ ಹಾಸಿತ್ತು. ಗೋಡೆಯಲ್ಲಿ ಹಂದಿ ಹೊಡೆಯುವ ಕೋವಿ ತೂಗುತ್ತಿತ್ತು; ಅದು ಯಾವಾಗಲೂ ಅಲ್ಲೇ ಇರುವುದು, ಆದರೂ ಆ ದಿನ ನಾನು ಅದನ್ನು ಹತ್ತು ಸಲ ನೋಡಿದೆ. ಮಾವ ಆರಾಮ ಕುರ್ಚಿಯಲ್ಲಿ. ಎದುರಿಗೆ ಊರ ಹಿರಿಯರಾಗಿ ಬಂದ ಪಡುಮನೆಯ ಅಜ್ಜ, ಮಧ್ಯದಲ್ಲಿ ವೀಳ್ಯದ ತಟ್ಟೆ. ಬಾಗಿಲ ಒಳಗೆ ದೊಡ್ಡಮ್ಮ, ಅವಳ ಹಿಂದೆ ಅಮ್ಮ. ಕರಾರು ಬರೆಯಲು ಅಕ್ಷರ ಚೆಂದ ಇರುವವರು ಬೇಕಲ್ಲ, ಮಾಷ್ಟ್ರನ್ನು ಕರೆಸಿದ್ದರು. ಮಾಷ್ಟ್ರು ಕೊಡೆಯನ್ನು ಹೊರಗಿಡಲು ಮರೆತು, ಮಡಿಲಲ್ಲಿಟ್ಟುಕೊಂಡೇ ಚಾಪೆಯ ಅಂಚಿನಲ್ಲಿ ಕುಳಿತಿದ್ದರು. ನಾನು ಬಂದವರಿಗೆ ಬೆಲ್ಲ ನೀರು ತಂದು, ಖಾಲಿ ತಂಬಿಗೆ ಹಿಡಿದುಕೊಂಡು ಕಂಬದ ಹತ್ತಿರ ನಿಂತೆ.

ಮಾವ ಹೇಳುತ್ತ ಹೋದರು, ಮಾಷ್ಟ್ರು ಬರೆಯುತ್ತ ಹೋದರು. "ಹಿರಿಯವಳಿಗೆ ಮೊದಲು. ಅದು ಕ್ರಮ. ಅವಳಿಗೆ ಒಟ್ಟಿನಲ್ಲಿ ಮೂರನೇ ಒಂದು. ಅದಾದ ಮೇಲೆ ಕಿರಿಯವಳಿಗೆ ಮೂರನೇ ಒಂದು. ಮಿಕ್ಕದ್ದು..."

"ಯಾವುದರಲ್ಲಿ?"

ಯಾರು ಹೇಳಿದ್ದೆಂದು ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಹೇಳಿದವರಿಗೂ ತಿಳಿದ ಹಾಗೆ ಕಾಣಲಿಲ್ಲ. ಮಾಷ್ಟ್ರು ತಮ್ಮ ಬಾಯಿಯಿಂದ ಹಾವು ಹೊರಬಿದ್ದ ಹಾಗೆ ಕುಳಿತಿದ್ದರು.

"ಎಂತ?" ಎಂದರು ಮಾವ. ಮೆಲ್ಲಗೆ.

"ಯಾ... ಯಾವುದರಲ್ಲಿ ಮೂರನೇ ಒಂದು, ಧನಿಗಳೇ?"

"ಉಳಿದದ್ದರಲ್ಲಿ. ಹಿರಿಯವಳು ಅವಳದ್ದು ತೆಗೆದುಕೊಂಡು ಹೋಗಿ ಆದ ಮೇಲೆ, ಹೋದದ್ದರಲ್ಲಿ ಇವಳಿಗೆ ಹೇಗೆ ಮಾರಾಯ ಪಾಲು ಸಿಗುವುದು? ನೀನು ಮಾಷ್ಟ್ರಲ್ವಾ?"

ಪಡುಮನೆಯ ಅಜ್ಜ "ಅದು ಹೌದು" ಎಂದು ತಲೆದೂಗಿದರು. ಕೇಳಲು ಹೌದೆಂದೇ ಕಾಣುತ್ತಿತ್ತು. ಮಾಷ್ಟ್ರು ಪೆನ್ನನ್ನು ಮಸಿಯಲ್ಲಿ ಅದ್ದಿದರು, ಬರೆಯಲಿಲ್ಲ, ಮತ್ತೆ ಅದ್ದಿದರು. ಕಾಗದದ ಮೇಲೆ ಒಂದು ಹನಿ ಬಿತ್ತು. ಆಮೇಲೆ ತಲೆ ಎತ್ತಿ, ಮಾವನನ್ನಲ್ಲ, ಅಜ್ಜನನ್ನೂ ಅಲ್ಲ, ನನ್ನನ್ನು ನೋಡಿದರು. ಶಾಲೆಯಲ್ಲಿ ನೋಡುವ ಹಾಗೆಯೇ.

"ನೀನು ಮಾಡು ಮಗೂ. ಹೇಳು."

ಮಾವ ತಲೆ ತಿರುಗಿಸಿದರು. ಗೊತ್ತಿಲ್ಲ ಎಂದುಬಿಡುವುದೇ ಬುದ್ಧಿವಂತಿಕೆ ಎಂದು ಅನಿಸಿತು, ತುಟಿಯವರೆಗೂ ಬಂದಿತ್ತು. ಹೇಳಿದರೆ ಸಂಜೆ ಈ ಮನೆಯಲ್ಲಿ ಅಮ್ಮನಿಗೆ ಏನಾಗುತ್ತದೆ? ಹೇಳದಿದ್ದರೆ ಇನ್ನು ಎಲ್ಲ ಸಂಜೆಯೂ ಏನಾಗುತ್ತದೆ? ಬಾಗಿಲ ಒಳಗೆ ನೋಡಿದೆ. ಬಾಯಿ ಮುಚ್ಚು ಎಂದ ಅಮ್ಮ ಈಗ ತನ್ನ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು, ಆದರೆ ಕಣ್ಣು ನನ್ನ ಮೇಲೇ ಇತ್ತು. ಬೇಡವೆಂದು ತಲೆ ಆಡಿಸಲಿಲ್ಲ.

"ದೊಡ್ಡಮ್ಮನಿಗೆ ಹದಿನೆಂಟು ಮುಡಿ," ಎಂದೆ. ನನ್ನ ಸ್ವರ ನನಗೇ ಕೇಳಲಿಲ್ಲ. "ಅಮ್ಮನಿಗೆ ಹನ್ನೆರಡು. ಮಾವನಿಗೆ ಇಪ್ಪತ್ತನಾಲ್ಕು."

"ಸಮಪಾಲು ಆಗ್ಬೇಕಾದರೆ?" ಮಾಷ್ಟ್ರ ಸ್ವರವೂ ಅಷ್ಟೇ ಸಣ್ಣದು.

"ಅಮ್ಮನಿಗೆ ಉಳಿದದ್ದರಲ್ಲಿ ಅರ್ಧ ಅಂತ ಬರೀಬೇಕು."

ಸಿಡಿದದ್ದು ಮಾವ ಅಲ್ಲ, ದೊಡ್ಡಮ್ಮ. "ಅಬ್ಬಾ! ಹಿರಿಯವಳಾದ ನನಗೆ ಮೂರನೇ ಒಂದು, ಕಿರಿಯವಳಿಗೆ ಅರ್ಧವಾ? ಇದು ಯಾವ ಊರಿನ ನ್ಯಾಯ ಮಾರಾಯ್ರೆ? ಮಾಷ್ಟ್ರಿಗೆ ತಲೆ ಸರಿ ಉಂಟಾ?"

ಪಡುಮನೆಯ ಅಜ್ಜನಿಗೂ ಅದೇ ಸಂಶಯ. "ಅರ್ಧ ಅಂದರೆ ಜಾಸ್ತಿ ಆಯಿತಲ್ಲ ಮಗಳೇ."

ನೀವು ನಗಬೇಡಿ. ಮಾತಿನಲ್ಲಿ ಸಮ ಇದ್ದದ್ದು ಲೆಕ್ಕದಲ್ಲಿ ಸಮ ಇರುವುದಿಲ್ಲ. ಲೆಕ್ಕದಲ್ಲಿ ಸಮ ಇದ್ದದ್ದು ಮಾತಿನಲ್ಲಿ ಅನ್ಯಾಯದ ಹಾಗೆ ಕೇಳುತ್ತದೆ. ಇವತ್ತೂ ಪೇಟೆಯಲ್ಲಿ ಓದಿದವರೇ ಇಲ್ಲಿ ಮುಗ್ಗರಿಸುತ್ತಾರೆ, ಅದರಿಂದ ನನಗೆ ಲಾಭವೂ ಆಗಿದೆ. ಆದರೆ ಆಗ ನನಗೆ ಅಳು ಬಂತು. ಸರಿಯಾದದ್ದನ್ನು ಹೇಳಿಯೂ ಸೋಲುವುದು ಹೀಗೆ ಎಂದು ಗೊತ್ತಿರಲಿಲ್ಲ.

ಮಾಷ್ಟ್ರು ವೀಳ್ಯದ ತಟ್ಟೆಯನ್ನು ಬೆರಳ ತುದಿಯಿಂದ ನನ್ನ ಕಡೆಗೆ ದೂಡಿದರು. ನಾನು ಕುಳಿತು ಒಂಬತ್ತು ಅಡಿಕೆ ಎಣಿಸಿ ಚಾಪೆಯ ಮೇಲಿಟ್ಟೆ. ಮೂರು ತೆಗೆದು ದೊಡ್ಡಮ್ಮನ ಕಡೆ. ಉಳಿದದ್ದು ಆರು; ಅದರಲ್ಲಿ ಮೂರನೇ ಒಂದು, ಎರಡು ಅಡಿಕೆ, ಅಮ್ಮನ ಕಡೆ. ಮಾವನ ಕುರ್ಚಿಯ ಕಾಲಿನ ಹತ್ತಿರ ನಾಲ್ಕು ಉಳಿಯಿತು.

ಪಡುಮನೆಯ ಅಜ್ಜ ಬಗ್ಗಿ ನೋಡಿದರು. ಆ ನಾಲ್ಕನ್ನು ಒಂದೊಂದಾಗಿ ಮುಟ್ಟಿದರು. "ಓಹೋ," ಎಂದರು. "ಈ ನಾಲ್ಕನೆಯದ್ದು ಯಾರ ಬಾಯಿಗೆ ಯಜಮಾನ್ರೇ?" ಹೇಳುತ್ತ ತಾವೇ ಅದನ್ನು ಎತ್ತಿ ಅಮ್ಮನ ಎರಡರ ಪಕ್ಕದಲ್ಲಿ ಇಟ್ಟರು. ಮೂರು, ಮೂರು, ಮೂರು. ದೊಡ್ಡಮ್ಮ ತನ್ನ ಮೂರನ್ನು ಎಣಿಸಿ, ಅಮ್ಮನ ಮೂರನ್ನು ಎಣಿಸಿ ಹಿಂದೆ ಸರಿದಳು.

ಮಾವ ನಕ್ಕರು. ಆ ನಗುವಿಗೆ ನನಗೆ ಕೋವಿಗಿಂತ ಹೆಚ್ಚು ಹೆದರಿಕೆಯಾಯಿತು. "ಬರೆ ಮಾಷ್ಟ್ರೆ. ಉಳಿದದ್ದರಲ್ಲಿ ಅರ್ಧ ಅಂತಲೇ ಬರೆ. ಇದನ್ನು ನೀನು ಕಲಿಸಿದ್ದಾ?"

"ಇಲ್ಲ ಧನಿಗಳೇ. ಪಾಠ... ಪಾಠಪುಸ್ತಕದಲ್ಲಿ ಉಂಟು."

"ಹಾಗಾ." ಮಾವ ಒಂದು ಅಡಿಕೆ ಬಾಯಿಗೆ ಹಾಕಿಕೊಂಡು ಮೆಲ್ಲಗೆ, ತೀರ ಮೆಲ್ಲಗೆ ಹೇಳಿದರು: "ನಾಳೆ ಶಾಲೆಯ ಬೀಗದ ಕೈ ಇಲ್ಲಿ ತಂದು ಕೊಡಿ. ನಿಮಗೆ ಯಾಕೆ ಸುಮ್ಮನೆ ಅದರ ಭಾರ." ಅಷ್ಟು ಹೊತ್ತು ಏಕವಚನದಲ್ಲಿ ಆಡಿದವರು ಆಗ ಬಹುವಚನಕ್ಕೆ ಬಂದದ್ದನ್ನು ನಾನು ಗಮನಿಸಿದೆ. ಮಾಷ್ಟ್ರೂ ಗಮನಿಸಿದರು.

ಮಾವ ಮೋಸ ಮಾಡಲು ಹೊರಟದ್ದೋ, ಲೆಕ್ಕ ತಿಳಿಯದೆ ಹಿರಿತನದ ಕ್ರಮ ಹಿಡಿದು ತಪ್ಪಿದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ವ್ಯಾಪಾರದಲ್ಲಿ ಕಂಡದ್ದು ಹೇಳುತ್ತೇನೆ: ತಪ್ಪಿನಿಂದ ತನಗೆ ನಷ್ಟವಾಗುವವನು ಲೆಕ್ಕವನ್ನು ಮತ್ತೆ ನೋಡುತ್ತಾನೆ, ಲಾಭವಾಗುವವನು ನೋಡುವುದಿಲ್ಲ. ಅಷ್ಟಕ್ಕೇ ಅವನನ್ನು ಕಳ್ಳ ಎನ್ನಬೇಡಿ. ಆದರೆ ನೀವು ನೋಡದೆ ಬಿಡಬೇಡಿ.

ಮರುದಿನ ಬೆಳಗ್ಗೆ ಬೀಗದ ಕೈ ನಮ್ಮ ಮೆಟ್ಟಿಲಿನ ಮೇಲಿತ್ತು. ಒಳಗೆ ಬಂದು ಕೊಡುವ ಧೈರ್ಯ ಮಾಷ್ಟ್ರಿಗೆ ಆಗಿರಲಿಲ್ಲ. ಅಮ್ಮ ಒಂದು ಕಳಸೆ ಅಕ್ಕಿ ಕಟ್ಟಿ ನನ್ನ ತಲೆಯ ಮೇಲಿಟ್ಟು, "ಓಡು, ಮಾಷ್ಟ್ರಿಗೆ ಕೊಟ್ಟು ಬಾ. ಯಾರಾದರೂ ಕೇಳಿದರೆ ಗಿರಾಕಿಗೆ ಅಂತ ಹೇಳು" ಎಂದಳು. ನಾನು ಹೋಗುವಾಗ ಕೋಣೆ ಖಾಲಿ. ಒಲೆಯ ಬೂದಿ ಬೆಚ್ಚಗಿತ್ತು. ಮೊದಲ ಬಸ್ಸಿಗೆ ಹೋದರೆಂದು ಗೂಡಂಗಡಿಯವ ಹೇಳಿದ. ಆ ಸೇತುವೆಯನ್ನು ಅವರು ಒಬ್ಬರೇ ಹೇಗೆ ದಾಟಿದರೋ ಎಂಬ ಯೋಚನೆಯಲ್ಲಿ ಅಕ್ಕಿ ಹೊತ್ತುಕೊಂಡು ಹಿಂದೆ ಬಂದೆ.

ನಾವು ಗದ್ದೆಯ ಕೊನೆಯ ಸಣ್ಣ ಮನೆಯಲ್ಲಿ ಬೇರೆ ಒಲೆ ಹೂಡಿದೆವು. ಹದಿನೆಂಟರಲ್ಲಿ ಹನ್ನೆರಡು ಉಂಡೆವು, ಆರು ಮಾರಿದೆವು. ಆ ಆರರಿಂದಲೇ ನನ್ನ ವ್ಯಾಪಾರ ಶುರು.

ಅರುವತ್ತರ ದಶಕ ಮುಗಿಯುತ್ತ ಬಂದಿತ್ತು. ಸೇರು ಹೋಗಿ ಕಿಲೋ ಬಂದಿತ್ತು. ಭತ್ತ ನೋಡಲು ಪಾಣೆಮಂಗಳೂರಿಗೆ ಹೊರಟವಳು ಬಂಟ್ವಾಳದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಗೂಳಿಯೊಂದು ನಡುದಾರಿಯಲ್ಲಿ ಮಲಗಿತ್ತು. ಅದರಿಂದ ಬಹಳ ದೂರದಲ್ಲಿ, ಅಂಗಡಿಯ ಗೋಡೆಗೆ ಬೆನ್ನು ತಾಗಿಸಿ, ಕೊಡೆಯನ್ನು ಎದೆಗೆ ಒತ್ತಿಕೊಂಡು ಒಬ್ಬರು ನಿಂತಿದ್ದರು. ಹತ್ತಿರ ಹೋಗಿ "ಮಾಷ್ಟ್ರೇ" ಎಂದೆ. ಬೆಚ್ಚಿದರು. ಆಮೇಲೆ ನನ್ನ ಮುಖ ನೋಡಿದರು.

"ಹದಿನೆಂಟು ಬಂತಾ?" ಎಂದು ಕೇಳಿದರು. ಮೊದಲ ಮಾತೇ ಅದು.

"ಬಂತು ಮಾಷ್ಟ್ರೇ."

ಮನೆ ಸೇತುವೆಯ ಆಚೆ ಪಾಣೆಮಂಗಳೂರಿನಲ್ಲೇ, ಆದರೆ ಕೆಲಸ ಸಿಕ್ಕಿದ್ದು ಈಚೆ ಬಂಟ್ವಾಳದ ಕಡೆಯ ಒಂದು ಶಾಲೆಯಲ್ಲಂತೆ. ದಿನಕ್ಕೆ ಎರಡು ಸಲ ಸೇತುವೆ ದಾಟಬೇಕು. ಬೇರೆ ಎಲ್ಲಿಯೂ ಸಿಗಲಿಲ್ಲವಂತೆ. ನಾನು ಇಷ್ಟು ವರ್ಷ ಹೊತ್ತುಕೊಂಡಿದ್ದ ಮಾತನ್ನು ಹೇಳಿದೆ: "ಆ ದಿನ ನೀವೇ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಮಗುವಿನ ಬಾಯಿಯಿಂದ ಹೇಳಿಸಿದಿರಲ್ಲ, ಅದು ನಿಮ್ಮ ಜಾಣತನ. ಅಷ್ಟು ಧೈರ್ಯ ಆ ಊರಲ್ಲಿ ಯಾರಿಗೂ ಇರಲಿಲ್ಲ."

ಮಾಷ್ಟ್ರು ಸುತ್ತ ನೋಡಿ ಸ್ವರ ತಗ್ಗಿಸಿದರು. "ಧೈರ್ಯ ಎಂತದು ಮಾರಾಯ್ತಿ? ಬಾಯಿ ತಪ್ಪಿ ಬಂದದ್ದು ಅದು, ಅಭ್ಯಾಸಬಲ. ಮತ್ತೆ ಧನಿಗಳು ನೋಡಿದರಲ್ಲ, ತಲೆಯಲ್ಲಿ ಒಂದು ಅಂಕೆ ಉಳಿದಿರಲಿಲ್ಲ. ಐವತ್ತನಾಲ್ಕನ್ನು ಮೂರರಿಂದ ಭಾಗಿಸಿದರೆ ಎಷ್ಟು ಅಂತ ಹೊಳೆಯಲಿಲ್ಲ. ಸತ್ಯ ಹೇಳ್ತೇನೆ. ನಿನ್ನ ಮುಖ ಕಂಡಿತು. ಗೊತ್ತಿದ್ದವಳು ನೀನೊಬ್ಬಳೇ. ಕೇಳಿದೆ."

"ಮತ್ತೆ ಅಡಿಕೆ?"

"ತಟ್ಟೆ ದೂಡಿದ್ದಾ? ನಾನು ಎದ್ದು ಓಡುವ ಅಂತ ಜಾಗ ಮಾಡ್ತಾ ಇದ್ದೆ."

ಬೆಲೆಯನ್ನು ತಗ್ಗಿಸಿ ಹೇಳುವವರ ಮುಖ ನನಗೆ ಗೊತ್ತು. ಅದು ನನ್ನ ಕಸುಬು. ಅವರು ತಗ್ಗಿಸಿ ಹೇಳುತ್ತಿರಲಿಲ್ಲ.

ಬಸ್ಸು ಬಂತು. ಪಕ್ಕಪಕ್ಕ ಕುಳಿತೆವು. ಕಿಟಕಿಯ ಜಾಗ ನನಗೇ ಬಿಟ್ಟುಕೊಟ್ಟರು, ಮರ್ಯಾದೆಗೆ ಎಂದುಕೊಂಡಿದ್ದೆ. ಸೇತುವೆ ಹತ್ತಿದ ಕೂಡಲೇ ಕಣ್ಣು ಮುಚ್ಚಿ, ಎದುರಿನ ಸೀಟಿನ ಕಬ್ಬಿಣವನ್ನು ಒಂದು ಕೈಯಲ್ಲಿ, ನನ್ನ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದರು. ಕೈ ಮಂಜಿನ ಹಾಗೆ ತಣ್ಣಗಿತ್ತು. ಕೆಳಗೆ ಮಳೆಗಾಲದ ಕೆಂಪು ನೀರು. ಅವರ ತುಟಿ ಆಡುತ್ತಿತ್ತು. ದೇವರ ನಾಮವಿರಬೇಕೆಂದು ಕಿವಿ ಕೊಟ್ಟೆ.

"ಐವತ್ತನಾಲ್ಕರಲ್ಲಿ ಮೂರನೇ ಒಂದು ಹದಿನೆಂಟು. ಉಳಿದದ್ದು ಮೂವತ್ತಾರು. ಉಳಿದದ್ದರಲ್ಲಿ ಅರ್ಧ ಹದಿನೆಂಟು. ಉಳಿದದ್ದು ಹದಿನೆಂಟು. ಐವತ್ತನಾಲ್ಕರಲ್ಲಿ ಮೂರನೇ ಒಂದು..."

ಎದುರಿನಿಂದ ಗಾಡಿಯೊಂದು ಬಂದು, ಬಸ್ಸು ಸೇತುವೆಯ ನಡುವೆ ನಿಂತಿತು. ನಿಂತದ್ದು ತಿಳಿದು ಅವರ ಲೆಕ್ಕ ತಪ್ಪಿತು. ಅವರ ಕಿವಿಯ ಹತ್ತಿರ ಬಗ್ಗಿ, "ಹೆದರ್ಬೇಡಿ ಮಾಷ್ಟ್ರೇ, ಅರ್ಧ ದಾಟಿತು" ಎಂದೆ.

ಕಣ್ಣು ತೆರೆಯಲಿಲ್ಲ. "ಯಾವುದರಲ್ಲಿ ಅರ್ಧ?" ಎಂದರು. "ಒಟ್ಟಿನಲ್ಲಾ, ಉಳಿದದ್ದರಲ್ಲಾ?"

"ಒಟ್ಟಿನಲ್ಲಿ," ಎಂದೆ.

ನನ್ನ ಮಣಿಕಟ್ಟಿನ ಮೇಲಿದ್ದ ಬಿಗಿ ಸಡಿಲವಾಯಿತು. ಪೂರ್ತಿ ಅಲ್ಲ, ಅರ್ಧದಷ್ಟು.